ಮತ್ತೆ ಓದಿದಾಗ ಆಲಿಸ್ ಯಾಕೆ ಕಿರಿಕಿರಿ ಮಾಡುತ್ತಾಳೆ?

ಪ್ರಶ್ನೆ: ನನಗೀಗ ನಲವತ್ತೊಂದು ವರ್ಷ. ತಿಪಟೂರಿನಲ್ಲಿ ಆರನೇ ಕ್ಲಾಸಿನಲ್ಲಿದ್ದಾಗ ಲೈಬ್ರರಿಯಿಂದ ‘ಆಲಿಸ್ ಇನ್ ವಂಡರ್‌ಲ್ಯಾಂಡ್’ ಕಥೆ ತಂದು ನಾಲ್ಕೈದು ಸಲ ಓದಿದ್ದೆ. ಕನ್ನಡದ ತೆಳ್ಳಗಿನ ಪುಸ್ತಕ, ರಟ್ಟು ಹರಿದಿತ್ತು. ಮೊಲದ ಬಿಲ, ನಗುವ ಬೆಕ್ಕು, ಇಸ್ಪೀಟಿನ ರಾಣಿ ಇವತ್ತಿಗೂ ಕಣ್ಣ ಮುಂದೆ ಇವೆ. ಮೊನ್ನೆ ಎಂಟು ವರ್ಷದ ಮಗಳಿಗೆ ಓದಿ ಹೇಳೋಣ ಅಂತ ಪೂರ್ತಿ ಇಂಗ್ಲಿಷ್ ಪುಸ್ತಕ ತರಿಸಿ ಮೊದಲು ನಾನೇ ಓದಿದೆ. ಬೇಜಾರಾಯಿತು. ಕಥೆಯೇ ಇಲ್ಲ, ಸಿಕ್ಕಿದವರೆಲ್ಲ ಆ ಮಗುವಿಗೆ ಗದರುತ್ತಾರೆ, ಪದ್ಯಗಳು ತಲೆಬುಡ ಇಲ್ಲ. ಮಗಳು ಮೂರನೇ ಅಧ್ಯಾಯಕ್ಕೇ ಎದ್ದು ಹೋದಳು. ನಮ್ಮತ್ತೆ ಬೇರೆ ‘ಇದರ ನೀತಿ ಏನಮ್ಮಾ?’ ಅಂತ ಕೇಳಿದರು. ಪುಸ್ತಕ ಅಷ್ಟೇನಾ, ಇಲ್ಲ ನಾನೇ ಬದಲಾದೆನಾ?

ಉತ್ತರ: ನಿಮ್ಮ ಅತ್ತೆಯವರ ಪ್ರಶ್ನೆಯಿಂದಲೇ ಶುರು ಮಾಡೋಣ. ಯಾಕೆಂದರೆ ಆ ಪ್ರಶ್ನೆ ಪುಸ್ತಕದ ಒಳಗೇ ಇದೆ. ಒಂಬತ್ತನೇ ಅಧ್ಯಾಯದಲ್ಲಿ ಡಚೆಸ್ ಅನ್ನುವ ದೊಡ್ಡ ಮನೆತನದ ಹೆಂಗಸು ಆಲಿಸ್‌ಳ ಹೆಗಲಿಗೆ ತನ್ನ ಚೂಪು ಗದ್ದ ಒತ್ತಿಕೊಂಡು ನಡೆಯುತ್ತಾ ಮಾತಿಗೊಂದು ನೀತಿ ಹೇಳುತ್ತಾಳೆ. ಎಲ್ಲದಕ್ಕೂ ನೀತಿ ಇರುತ್ತದೆ, ಹುಡುಕಬೇಕಷ್ಟೆ ಅನ್ನುವುದು ಅವಳ ವಾದ. ಸಾಸಿವೆ ಬಗ್ಗೆ ಮಾತು ಬಂದರೆ ಅದಕ್ಕೂ ಒಂದು ನೀತಿ ಸಿದ್ಧ. 1865ರಲ್ಲಿ ಲೂಯಿಸ್ ಕ್ಯಾರೊಲ್ ಬರೆದ ಈ ಪುಸ್ತಕ ಬಂದಾಗ ಇಂಗ್ಲೆಂಡಿನಲ್ಲಿ ಮಕ್ಕಳ ಓದು ಅಂದರೆ ಬಹುಪಾಲು ಬುದ್ಧಿವಾದವೇ. ನಮ್ಮ ಪಠ್ಯದಲ್ಲೂ ಕಥೆ ಮುಗಿದ ಮೇಲೆ ದಪ್ಪ ಅಕ್ಷರದಲ್ಲಿ ‘ನೀತಿ’ ಅಂತ ಇರುತ್ತಿತ್ತಲ್ಲ, ಪರೀಕ್ಷೆಗೆ ಎರಡು ಮಾರ್ಕ್ಸಿಗೆ ಬರುತ್ತಿತ್ತಲ್ಲ, ಅದನ್ನೇ ಕ್ಯಾರೊಲ್ ಗೇಲಿ ಮಾಡುತ್ತಿರುವುದು. ಅತ್ತೆಯವರಿಗೆ ಆ ಪುಟ ಓದಿ ಹೇಳಿ, ನಗುತ್ತಾರೆ. ನಗದಿದ್ದರೆ ನನ್ನ ಹೆಸರು ಹೇಳಬೇಡಿ.

ಇನ್ನು ನಿಮ್ಮ ಬೇಜಾರಿನ ಮಾತು. ನೀವು ಹೇಳಿದ್ದು ಮೂರೂ ಸರಿ. ಕಥೆ ಇಲ್ಲ, ಎಲ್ಲರೂ ಗದರುತ್ತಾರೆ, ಪದ್ಯ ಅರ್ಥವಾಗಲ್ಲ. ನಾನು ತುಮಕೂರಿನ ಹೈಸ್ಕೂಲಿನಲ್ಲಿ ಇಪ್ಪತ್ತೆಂಟು ವರ್ಷ ಇಂಗ್ಲಿಷ್ ಹೇಳಿಕೊಟ್ಟವನು. ಈಗ ಕ್ಯಾತ್ಸಂದ್ರದ ನಮ್ಮ ಮನೆ ಮಹಡಿ ಮೇಲೆ ಭಾನುವಾರ ಬೆಳಿಗ್ಗೆ ಅಕ್ಕಪಕ್ಕದ ಮಕ್ಕಳನ್ನು ಕೂರಿಸಿಕೊಂಡು ಕಥೆ ಓದುತ್ತೇನೆ. ಈ ಪುಸ್ತಕವನ್ನು ನಾನೇ ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ, ಅದರಲ್ಲಿ ಎರಡು ಸಲವಾದರೂ ನಿಮ್ಮ ಹಾಗೆಯೇ ಸಿಟ್ಟು ಬಂದು ಮುಚ್ಚಿಟ್ಟಿದ್ದೇನೆ.

ಆಮೇಲೆ ಒಂದು ದಿನ ಹೊಳೆಯಿತು. ಹನ್ನೊಂದು ವರ್ಷಕ್ಕೆ ಓದಿದಾಗ ನಾವು ಆಲಿಸ್ ಆಗಿದ್ದೆವು. ಈಗ ಓದುವಾಗ ನಾವು ಉಳಿದವರು. ಬರೀ ಗದರುವ ರಾಣಿ, ‘ಇಲ್ಲಿ ಜಾಗ ಇಲ್ಲ, ಜಾಗ ಇಲ್ಲ’ ಅಂತ ಖಾಲಿ ಕುರ್ಚಿಗಳ ಮಧ್ಯೆ ಕೂತು ಕೂಗುವವರು, ‘ನೀನು ಯಾರು?’ ಅಂತ ಹುಕ್ಕಾ ಸೇದುತ್ತಾ ತನಿಖೆ ಮಾಡುವ ಕಂಬಳಿಹುಳು, ಎಲ್ಲಾ ನಾವೇ. ಒಂದು ಮಗುವಿಗೆ ದಿನಕ್ಕೆ ಎಷ್ಟು ಸಲ ‘ಸರಿಯಾಗಿ ಕೂತ್ಕೋ, ಇನ್ನೊಂದು ಸಲ ಹೇಳು, ನಿಂಗೇನು ಗೊತ್ತು, ಸುಮ್ನಿರು’ ಅಂತ ಹೇಳುತ್ತೇವೆ, ನೀವೇ ಒಂದು ದಿನ ಎಣಿಸಿ ನೋಡಿ. ಆ ಮಗುವಿಗೆ ನಮ್ಮ ಮಾತುಗಳು ಹೇಗೆ ಕೇಳಿಸುತ್ತವೋ ಹಾಗೆಯೇ ಈ ಪುಸ್ತಕದ ದೊಡ್ಡವರು ಮಾತಾಡುತ್ತಾರೆ. ಆರನೇ ಕ್ಲಾಸಿನಲ್ಲಿ ನಿಮಗೆ ಅದು ಗದರಿಕೆ ಅನ್ನಿಸಲೇ ಇಲ್ಲ. ದಿನಾ ಕೇಳುತ್ತಿದ್ದ ಮಾತೇ ಅಲ್ವಾ?

ಮೈ ಹಿಗ್ಗುವುದು ಕುಗ್ಗುವುದನ್ನೂ ಇದೇ ದಾರಿಯಲ್ಲಿ ಓದಿ. ಬಾಟಲಿಯಲ್ಲಿದ್ದದ್ದು ಕುಡಿದರೆ ಹತ್ತು ಇಂಚು, ಕೇಕು ತಿಂದರೆ ಒಂಬತ್ತು ಅಡಿಗೂ ಮೇಲೆ, ಇನ್ನೊಂದು ಕಡೆ ಬರೀ ಮೂರು ಇಂಚು. ಎಂಟು ವರ್ಷದವರ ಬದುಕೇ ಅದು. ಬೆಳಿಗ್ಗೆ ‘ಇಷ್ಟು ದೊಡ್ಡವಳಾಗಿದ್ದೀಯ, ಅಳ್ತೀಯಾ?’, ಸಂಜೆ ‘ಇನ್ನೂ ಚಿಕ್ಕವಳು, ಒಬ್ಬಳೇ ಅಂಗಡಿಗೆ ಹೋಗ್ಬೇಡ’. ಕಂಬಳಿಹುಳು ಅಣಬೆ ತೋರಿಸಿ, ಒಂದು ಕಡೆ ತಿಂದರೆ ಎತ್ತರವಾಗುತ್ತೀಯ, ಇನ್ನೊಂದು ಕಡೆ ತಿಂದರೆ ಕುಳ್ಳಗಾಗುತ್ತೀಯ ಅನ್ನುತ್ತದೆ. ಅಣಬೆಯೋ ದುಂಡಗಿದೆ, ಯಾವ ಕಡೆ ಯಾವುದು? ನಮ್ಮ ಮಹಡಿಯಲ್ಲಿ ಇದನ್ನು ಓದಿದ ದಿನ ಒಂದು ಹುಡುಗಿ, ‘ಸರ್, ತಟ್ಟೆ ಇಡ್ಲಿಗೆ ಎಡಗಡೆ ಯಾವ್ದು?’ ಅಂತ ಕೇಳಿದಳು. ಕ್ಯಾತ್ಸಂದ್ರದ ಮಗುವಿಗೆ ಇದಕ್ಕಿಂತ ಚೆನ್ನಾಗಿ ಯಾರು ವಿವರಿಸಿಯಾರು! ಇನ್ನೊಬ್ಬ ಹುಡುಗ, ಅವನ ಅಮ್ಮನ ಕಡೆಯವರು ಕೆಜಿಎಫ್‌ನವರು, ಮೊದಲ ಅಧ್ಯಾಯದಲ್ಲಿ ಆಲಿಸ್ ಬಿಲದೊಳಗೆ ಬೀಳುತ್ತಾ ನಾಲ್ಕು ಸಾವಿರ ಮೈಲಿ ಇಳಿದಿರಬೇಕು ಅಂತ ಲೆಕ್ಕ ಹಾಕುವಾಗ ಎದ್ದು ನಿಂತು, ಅವಳು ಸುಳ್ಳು ಹೇಳ್ತಾಳೆ, ನಮ್ಮ ತಾತ ಇಳಿಯುತ್ತಿದ್ದದ್ದೇ ಮೂರು ಕಿಲೋಮೀಟರ್, ಅದಕ್ಕೇ ಒಳಗೆ ಸೆಕೆ ತಡೆಯೋಕಾಗ್ತಿರಲಿಲ್ಲ ಅಂದ. ಅಲ್ಲಿನ ಚಾಂಪಿಯನ್ ರೀಫ್ ಚಿನ್ನದ ಗಣಿ ನಿಜಕ್ಕೂ ಮೂರು ಕಿಲೋಮೀಟರಿಗೂ ಆಳ. ಅವತ್ತು ಕಥೆ ಅಲ್ಲಿಗೇ ನಿಂತಿತು, ಉಳಿದ ಅರ್ಧ ಗಂಟೆ ತಾತನ ಕಥೆ.

ಹಾಗೆ ಕಥೆ ನಿಲ್ಲಬೇಕು. ಈ ಪುಸ್ತಕ ಹುಟ್ಟಿದ್ದೇ ಹಾಗೆ. 1862ರ ಜುಲೈ 4ರಂದು ಆಕ್ಸ್‌ಫರ್ಡಿನ ಕ್ರೈಸ್ಟ್ ಚರ್ಚ್ ಕಾಲೇಜಿನ ಗಣಿತದ ಮೇಷ್ಟ್ರು ಚಾರ್ಲ್ಸ್ ಲುಟ್ವಿಜ್ ಡಾಡ್ಜ್‌ಸನ್, ಅಂದರೆ ನಾವು ಲೂಯಿಸ್ ಕ್ಯಾರೊಲ್ ಅನ್ನುವವರು, ಕಾಲೇಜಿನ ಮುಖ್ಯಸ್ಥರ ಮೂರು ಹೆಣ್ಣುಮಕ್ಕಳನ್ನು ದೋಣಿಯಲ್ಲಿ ಕರೆದುಕೊಂಡು ಹೋದರು. ಜೊತೆಗೆ ಒಬ್ಬ ಸ್ನೇಹಿತ. ದೋಣಿಯಲ್ಲಿ ಮಕ್ಕಳು ಕಥೆ ಹೇಳಿ ಅಂತ ಪೀಡಿಸಿದಾಗ ಅಲ್ಲೇ ಕಟ್ಟಿ ಹೇಳಿದ ಕಥೆ ಇದು. ದೊಡ್ಡವಳು ಲೊರಿನಾಗೆ ಹದಿಮೂರು, ಆಲಿಸ್‌ಗೆ ಹತ್ತು, ಎಡಿತ್‌ಗೆ ಎಂಟು. ಪುಸ್ತಕದ ಮೊದಲಿಗೆ ಒಂದು ಪದ್ಯವಿದೆ, ಬಹಳ ಜನ ಹಾರಿಸಿಬಿಡುತ್ತಾರೆ. ಅದರಲ್ಲಿ ಮೂರನೆಯವಳು ನಿಮಿಷಕ್ಕೊಂದು ಸಲ ಮಾತ್ರ ಅಡ್ಡಬಾಯಿ ಹಾಕುತ್ತಿದ್ದಳು ಅಂತ ತಮಾಷೆ ಮಾಡಿದ್ದಾರೆ. ಆ ಮೂರನೆಯವಳು ನಿಮ್ಮ ಮಗಳ ವಯಸ್ಸಿನವಳು, ನೋಡಿ. ನಿಮ್ಮ ಮಗಳು ಎದ್ದು ಹೋದಳು ಅಂದಿರಲ್ಲ, ಅವಳಿಗೆ ಅಡ್ಡಬಾಯಿ ಹಾಕಲು ನೀವು ಬಿಟ್ಟಿರಾ? ಬಾಯಲ್ಲಿ ಹುಟ್ಟಿದ ಕಥೆಯನ್ನು ಕಣ್ಣಲ್ಲಿ ಮಾತ್ರ ಓದಿದರೆ ಅದು ಒಣಗುತ್ತದೆ. ನೀವು ರಾತ್ರಿ ಕೆಲಸ ಮುಗಿಸಿ ಒಬ್ಬರೇ ಮೌನವಾಗಿ ಓದಿರುತ್ತೀರಿ. ಬೇಜಾರಾಗದೆ ಇನ್ನೇನಾಗುತ್ತದೆ?

ಇಲ್ಲೊಂದು ಅಡ್ಡಮಾತು. ಹಳೆಯದನ್ನು ಮತ್ತೆ ಓದುವವರಿಗೆ ಇದು ಬೇಕು. ಆ ದಿನವನ್ನು ಕ್ಯಾರೊಲ್ ‘ಬಂಗಾರದ ಮಧ್ಯಾಹ್ನ’ ಅಂತ ನೆನೆಸಿಕೊಂಡಿದ್ದಾರೆ. ದೊಡ್ಡವಳಾದ ಮೇಲೆ ಆಲಿಸ್ ಕೂಡ ಸುಡುವ ಬಿಸಿಲಿತ್ತು ಅಂತಲೇ ಹೇಳಿದಳು. ಎಷ್ಟೋ ವರ್ಷದ ಮೇಲೆ ಒಬ್ಬರು ಹವಾಮಾನದ ದಾಖಲೆ ತೆಗೆಸಿ ನೋಡಿದರೆ ಅವತ್ತು ಆಕ್ಸ್‌ಫರ್ಡ್ ಕಡೆ ಚಳಿ ಚಳಿ, ಮಳೆ ಅಂತಿದೆ. ಮಧ್ಯಾಹ್ನ ಹೊಳವಾಗಿರಬಹುದು ಅಂತ ವಾದ ಮಾಡುವವರೂ ಇದ್ದಾರೆ. ಏನೇ ಇರಲಿ, ಬರೆದವನಿಗೂ ಕೇಳಿದವಳಿಗೂ ನೆನಪಿನಲ್ಲಿ ಉಳಿದದ್ದು ಬಿಸಿಲು. ನಿಮ್ಮ ತಿಪಟೂರಿನ ರಟ್ಟು ಹರಿದ ಪುಸ್ತಕವೂ ಅಂಥದ್ದೇ. ಅದರಲ್ಲಿ ಪದ್ಯಗಳನ್ನೆಲ್ಲ ಕತ್ತರಿಸಿದ್ದಿರಬಹುದು. ಹಾಗೆ ಚಿಕ್ಕದು ಮಾಡಿದ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಬಿಲ, ಬೆಕ್ಕು, ಚಹಾ, ರಾಣಿ, ಎಚ್ಚರ ಇಷ್ಟು ಉಳಿಯುತ್ತದೆ. ಉಳಿದದ್ದನ್ನು ನೀವೇ ತುಂಬಿಕೊಂಡಿರಿ. ಈಗ ಪೂರ್ತಿ ಪುಸ್ತಕ ತಂದು ಇಟ್ಟುಕೊಂಡು ‘ಅದು ಎಲ್ಲಿ?’ ಅಂತ ಹುಡುಕಿದರೆ ಸಿಗಲ್ಲ. ಇದನ್ನು ಬೇರೆ ಪುಸ್ತಕ ಅಂತಲೇ ತಿಳಿದು ಓದಿ.

ಪದ್ಯಗಳ ವಿಷಯಕ್ಕೆ ಬರುತ್ತೇನೆ, ಇದೇ ದೊಡ್ಡ ತೊಡಕು. ಆ ಪದ್ಯಗಳು ತಲೆಬುಡ ಇಲ್ಲದವಲ್ಲ, ಬುಡ ನಮಗೆ ಗೊತ್ತಿಲ್ಲ ಅಷ್ಟೆ. ಎರಡನೇ ಅಧ್ಯಾಯದಲ್ಲಿ ಆಲಿಸ್‌ಗೆ ತಾನು ತಾನೇ ಹೌದೋ ಅಲ್ಲವೋ ಅಂತ ಅನುಮಾನ ಬಂದು ಸ್ಕೂಲಿನ ಪದ್ಯ ಒಂದು ಹೇಳಿ ಪರೀಕ್ಷೆ ಮಾಡಿಕೊಳ್ಳುತ್ತಾಳೆ. ಅದು ಐಸಾಕ್ ವಾಟ್ಸ್ ಅನ್ನುವವರು 1715ರಲ್ಲಿ ಬರೆದ ಪದ್ಯ, ಜೇನುನೊಣದ ಹಾಗೆ ದುಡಿಯಿರಿ, ಸೋಮಾರಿತನ ಬಿಡಿ ಅಂತ. ಆ ಕಾಲದ ಇಂಗ್ಲಿಷ್ ಮಕ್ಕಳಿಗೆಲ್ಲ ಬಾಯಿಪಾಠ. ಆಲಿಸ್ ಬಾಯಲ್ಲಿ ದುಡಿಯುವ ಜೇನುನೊಣದ ಬದಲು ಬಾಲ ಉಜ್ಜಿಕೊಂಡು, ನಗುನಗುತ್ತಾ ಮೀನು ನುಂಗುವ ಮೊಸಳೆ ಬರುತ್ತದೆ! ಕೇಳುವ ಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕಿರಬೇಕು. ನಿಮ್ಮ ಮಗಳಿಗೆ ಜೇನುನೊಣದ ಮೂಲ ಪದ್ಯ ಗೊತ್ತಿಲ್ಲದಿದ್ದರೆ ಮೊಸಳೆ ಬಂದಾಗ ನಗು ಹೇಗೆ ಬರಬೇಕು? ಅದಕ್ಕೆ ನಾನು ಮಾಡುವುದು ಇಷ್ಟು. ಅಲ್ಲಿ ಓದು ನಿಲ್ಲಿಸಿ, ಮಕ್ಕಳಿಗೆ ಬಾಯಿಪಾಠ ಇರುವ ಯಾವುದಾದರೂ ಪದ್ಯವನ್ನು ತಪ್ಪು ತಪ್ಪಾಗಿ ಹೇಳಿ ಅನ್ನುತ್ತೇನೆ. ಎರಡು ನಿಮಿಷದಲ್ಲಿ ಮನೆ ಸೂರು ಹಾರಿಹೋಗುತ್ತದೆ.

ಮಗ್ಗಿಯದೂ ಅದೇ. ‘ನಾಲ್ಕೈದ್ಲ ಹನ್ನೆರಡು, ನಾಲ್ಕಾರ್ಲ ಹದಿಮೂರು, ಹೀಗೇ ಹೋದರೆ ಇಪ್ಪತ್ತಕ್ಕೆ ಮುಟ್ಟುವುದೇ ಇಲ್ಲ’ ಅನ್ನುತ್ತಾಳೆ ಆಲಿಸ್. ಗಣಿತದ ಮೇಷ್ಟ್ರು ಸುಮ್ನೆ ಬರೆಯಲ್ಲ. ಇಂಗ್ಲೆಂಡಿನಲ್ಲಿ ಮಗ್ಗಿ ಹನ್ನೆರಡಕ್ಕೆ ನಿಲ್ಲುತ್ತದೆ, ಇವಳ ಲೆಕ್ಕದಲ್ಲಿ ನಾಲ್ಕು ಹನ್ನೆರಡ್ಲ ಹತ್ತೊಂಬತ್ತು, ಅಲ್ಲಿಗೆ ಮಗ್ಗಿಯೇ ಮುಗಿಯಿತು. ಇನ್ನೂ ಆಳಕ್ಕೆ ಇಳಿಯುವವರು ಹತ್ತರ ಬದಲು ಹದಿನೆಂಟನ್ನು ಬುಡವಾಗಿ ಇಟ್ಟುಕೊಂಡು, ಅಂದರೆ ಹದಿನೆಂಟನ್ನೇ ‘10’ ಅಂತ ಬರೆದು ಎಣಿಸಿದರೆ ಇಪ್ಪತ್ತನ್ನು ‘12’ ಅಂತಲೇ ಬರೆಯಬೇಕು, ಇಪ್ಪತ್ತೊಂದು ಬುಡವಾದರೆ ಇಪ್ಪತ್ತನಾಲ್ಕನ್ನು ‘13’ ಅಂತ ಬರೆಯಬೇಕು ಅಂತ ತೋರಿಸುತ್ತಾರೆ. ಕೂತು ಲೆಕ್ಕ ಹಾಕಿ ನೋಡಿ, ಸರಿಯಾಗಿದೆ. ಇದು ಮಗಳಿಗಲ್ಲ, ನಿಮಗೆ.

ಈಗ ಕನ್ನಡದ ಮಾತು. ಪೂರ್ತಿ ಇಂಗ್ಲಿಷಿನಲ್ಲಿ ಮಗುವಿಗೆ ಓದಬೇಡಿ, ಪುಟ ಎದುರಿಗೆ ಇಟ್ಟುಕೊಂಡು ಕನ್ನಡದಲ್ಲಿ ಹೇಳಿ. ನಾ. ಕಸ್ತೂರಿಯವರು ಇದನ್ನು ‘ಪಾತಾಳದಲ್ಲಿ ಪಾಪಚ್ಚಿ’ ಅಂತ ಕನ್ನಡಕ್ಕೆ ತಂದರು. ಆ ಹೆಸರನ್ನೇ ನೋಡಿ! ಅದ್ಭುತಲೋಕ, ಮಾಯಾಲೋಕ ಅಂತೆಲ್ಲ ಹೋಗದೆ ಪಾತಾಳ ಅಂದರು. ಕ್ಯಾರೊಲ್ ಕೈಯಲ್ಲಿ ಬರೆದು, ತಾವೇ ಚಿತ್ರ ಬಿಡಿಸಿ 1864ರಲ್ಲಿ ಆಲಿಸ್‌ಗೆ ಕೊಟ್ಟ ಮೊದಲ ಪ್ರತಿಯ ಹೆಸರೂ ನೆಲದಡಿಯ ಸಾಹಸಗಳು ಅಂತಲೇ ಇತ್ತು. ಅಚ್ಚಾಗುವಾಗ ಅದು ಬದಲಾಯಿತು. ಕಸ್ತೂರಿಯವರ ಪಾತಾಳ ಆ ಹಳೆಯ ಹೆಸರಿಗೇ ಹತ್ತಿರ. ಹಾಸ್ಯಕ್ಕೆ ಹೆಸರಾದವರು ಅವರು, ‘ಅನರ್ಥಕೋಶ’ ಬರೆದವರು, ಮಾತಿನ ಆಟದ ಪುಸ್ತಕಕ್ಕೆ ತಕ್ಕ ಕೈ.

ಈ ಪುಸ್ತಕದ ಅರ್ಧ ನಗು ಶ್ಲೇಷೆಯದು. ಕನ್ನಡಕ್ಕೆ ಬಂದರೆ ಸತ್ತುಹೋಗುತ್ತದೆ ಅಂತ ನಾನೂ ಬಹಳ ದಿನ ಅಂದುಕೊಂಡಿದ್ದೆ. ಮಕ್ಕಳ ಎದುರಿಗೆ ಹೇಳುತ್ತಾ ಹೇಳುತ್ತಾ ಗೊತ್ತಾಯಿತು, ಕೆಲವು ಸಾಯುತ್ತವೆ, ಆದರೆ ಹೊಸವು ಹುಟ್ಟುತ್ತವೆ. ಮೂರನೇ ಅಧ್ಯಾಯದಲ್ಲಿ ಇಲಿ ತನ್ನ ಕಥೆ ಉದ್ದ ಅನ್ನುತ್ತದೆ, ಇಂಗ್ಲಿಷಿನಲ್ಲಿ ಕಥೆ ಮತ್ತು ಬಾಲ ಎರಡಕ್ಕೂ ಒಂದೇ ಉಚ್ಚಾರ, ಅದಕ್ಕೆ ಆಲಿಸ್ ಅದರ ಬಾಲ ನೋಡುತ್ತಾಳೆ. ಕನ್ನಡದಲ್ಲಿ ಇಲಿ ‘ನನ್ನ ಬಾಲ್ಯ ಬಲು ದುಃಖದ್ದು’ ಅನ್ನಲಿ. ಬಾಲ ಕಾಣಿಸುತ್ತಲೇ ಇದೆ. ಒದ್ದೆಯಾದವರನ್ನು ಒಣಗಿಸಲು ಆ ಇಲಿ ಚರಿತ್ರೆಯ ಒಣ ಪಾಠ ಒಪ್ಪಿಸುತ್ತದೆ, ಇಲ್ಲಿ ಏನೂ ಮಾಡಬೇಕಿಲ್ಲ, ಒಣ ಪಾಠ ನಮ್ಮಲ್ಲೂ ಒಣವೇ. ಒಂಬತ್ತನೇ ಅಧ್ಯಾಯದಲ್ಲಿ ಬರುವ ಕಡಲಿನ ಸ್ಕೂಲಿನ ಮೇಷ್ಟ್ರನ್ನು ಆಮೆ ಅಂತ ಯಾಕೆ ಕರೆಯುತ್ತಿದ್ದರು ಅಂದರೆ, ನಾನು ಹೇಳುವುದು, ಏನು ಕೇಳಿದರೂ ‘ಆಮೇಲೆ, ಆಮೇಲೆ’ ಅನ್ನುತ್ತಿದ್ದರು ಅದಕ್ಕೆ. ಇದಕ್ಕೆ ನನಗೆ ಸ್ವಲ್ಪ ಜಂಬವೂ ಇದೆ.

ಚಹಾದ ಅಧ್ಯಾಯದಲ್ಲಿ ಮೂವರು ಅಕ್ಕತಂಗಿಯರು ಬೆಲ್ಲದ ಬಾವಿಯ ತಳದಲ್ಲಿ ಇದ್ದ ಕಥೆ ಬರುತ್ತದೆ. ಕಾಕಂಬಿಯ ಬಾವಿ ಅಂತಲೂ ಅನ್ನಬಹುದು, ನಾನು ಜೋನಿಬೆಲ್ಲ ಅನ್ನುತ್ತೇನೆ, ಮಕ್ಕಳ ಬಾಯಲ್ಲಿ ನೀರು ಬರುತ್ತದೆ. ಆ ಮೂವರು ದೋಣಿಯ ಮೂವರೇ, ಹೆಸರು ತಿರುಚಿದ್ದಾರೆ ಅಷ್ಟೆ. ಆಲಿಸ್‌ಳ ಅಕ್ಷರ ಹಿಂದುಮುಂದು ಮಾಡಿದರೆ ಲೇಸಿ. ಅಲ್ಲಿ ಇಂಗ್ಲಿಷಿನಲ್ಲಿ ಬೆಲ್ಲ ಎಳೆಯುವುದಕ್ಕೂ ಚಿತ್ರ ಬರೆಯುವುದಕ್ಕೂ ಒಂದೇ ಪದ, ಅದರ ಮೇಲೆ ಜಗಳ. ಕನ್ನಡದಲ್ಲಿ ಬಾವಿಯಿಂದ ಸೇದುತ್ತೇವೆ, ಕಂಬಳಿಹುಳು ಹುಕ್ಕಾ ಸೇದುತ್ತದೆ. ‘ಮೂವರೂ ಬೆಲ್ಲ ಸೇದುತ್ತಿದ್ದರು’ ಅಂದ ತಕ್ಷಣ ನಿಮ್ಮ ಮಗಳು ‘ಅಯ್ಯೋ, ಚಿಕ್ಕ ಮಕ್ಕಳು ಸೇದ್ತಾರಾ?’ ಅಂತ ಕೇಳದಿದ್ದರೆ ಕೇಳಿ. ಇದು ಮೂಲದಲ್ಲಿ ಇಲ್ಲದ ಜೋಕು, ನಮ್ಮ ಭಾಷೆ ಪುಕ್ಕಟೆ ಕೊಟ್ಟದ್ದು.

ಅದೇ ಅಧ್ಯಾಯದಲ್ಲಿ ಡಾರ್‌ಮೌಸ್ ಅನ್ನುವ ಪ್ರಾಣಿ ಸದಾ ನಿದ್ದೆ ಹೊಡೆಯುತ್ತಿರುತ್ತದೆ, ಪಕ್ಕದವರು ಅದರ ಮೇಲೆ ಮೊಣಕೈ ಊರಿಕೊಂಡು ಮಾತಾಡುತ್ತಾರೆ. ಚಳಿಗಾಲವೆಲ್ಲ ಮಲಗುವ ಇಲಿಯಂಥ ಪ್ರಾಣಿ ಅದು, ನಮ್ಮಲ್ಲಿಲ್ಲ. ಅದಕ್ಕೆ ನಾನು ಕಾಡುಪಾಪ ಅನ್ನುತ್ತೇನೆ. ತುಮಕೂರಿನವರಿಗೆ ಹೇಳಬೇಕಿಲ್ಲ, ನಾಗವಲ್ಲಿ ಕಡೆ ಮರದಲ್ಲಿ ಹಗಲೆಲ್ಲ ಚೆಂಡಿನ ಹಾಗೆ ಮುದುರಿ ಮಲಗಿ ರಾತ್ರಿ ಗುಂಡು ಕಣ್ಣು ಬಿಡುವ ಪ್ರಾಣಿ. ಪ್ರಾಣಿಶಾಸ್ತ್ರದವರು ಬಯ್ಯಬಹುದು. ಮಕ್ಕಳು ಒಪ್ಪಿದ್ದಾರೆ. ಆದರೆ ಅಲ್ಲೇ ಚಹಾಕ್ಕೆ ಕೂತಿರುವ ಟೋಪಿಯವನ (ಹ್ಯಾಟರ್) ವಿಷಯದಲ್ಲಿ ಸ್ವಲ್ಪ ಹುಷಾರು, ಕನ್ನಡದಲ್ಲಿ ಟೋಪಿ ಹಾಕುವುದು ಅಂದರೆ ಬೇರೆ. ಇವನು ಮೋಸಗಾರ ಅಲ್ಲ, ಟೋಪಿ ಮಾಡಿ ಮಾರುವವನು. ಆಗಿನ ಕಾಲದಲ್ಲಿ ಮೊಲದಂಥ ಪ್ರಾಣಿಗಳ ತುಪ್ಪಟದಿಂದ ಟೋಪಿ ಮಾಡಲು ಪಾದರಸ ಬಳಸುತ್ತಿದ್ದರು, ಅದರ ವಿಷದಿಂದ ಕೆಲಸಗಾರರ ಕೈ ನಡುಗುತ್ತಿತ್ತು, ತಲೆ ಕೆಡುತ್ತಿತ್ತು. ಪುಸ್ತಕದ ಕೊನೆಗೆ ಬರುವ ಕೋರ್ಟಿನ ವಿಚಾರಣೆಯಲ್ಲಿ ಸಾಕ್ಷಿ ಹೇಳಲು ಬಂದ ಅವನು ಗಡಗಡ ನಡುಗುತ್ತಾ ಬ್ರೆಡ್ಡಿನ ಬದಲು ಚಹಾ ಕಪ್ಪನ್ನೇ ಕಚ್ಚುತ್ತಾನೆ. ಚಿಕ್ಕವನಿದ್ದಾಗ ಅದಕ್ಕೆ ನಗುತ್ತಿದ್ದೆ. ಈಗ ಅಷ್ಟು ನಗು ಬರುವುದಿಲ್ಲ.

ದೊಡ್ಡವರಿಗೆ ಅಂತಲೇ ಇರುವ ಭಾಗಗಳೂ ಇವೆ. ಮೂರನೇ ಅಧ್ಯಾಯದ ಓಟವನ್ನು ಮತ್ತೆ ಓದಿ. ಯಾರು ಯಾವಾಗ ಬೇಕಾದರೂ ಓಡಲು ಶುರು ಮಾಡಬಹುದು, ಯಾವಾಗ ಬೇಕಾದರೂ ನಿಲ್ಲಬಹುದು, ಕೊನೆಗೆ ಎಲ್ಲರೂ ಗೆದ್ದರು ಅಂತ ತೀರ್ಪು. ಬಹುಮಾನ? ಆಲಿಸ್‌ಳೇ ತನ್ನ ಜೇಬಿನಿಂದ ಮಿಠಾಯಿ ತೆಗೆದು ಎಲ್ಲರಿಗೂ ಹಂಚಬೇಕು, ಅವಳಿಗೆ ಅವಳದೇ ಹೊಲಿಗೆ ಬೆರಳುಟೋಪಿಯನ್ನು ಇಸಿದುಕೊಂಡು, ಭಾಷಣ ಮಾಡಿ, ಅವಳಿಗೇ ಕೊಡುತ್ತಾರೆ. ಚಂದಾ ಎತ್ತಿದ ನಮ್ಮ ದುಡ್ಡಿನಲ್ಲೇ ಶಾಲು ತಂದು ನಮಗೇ ಹೊದಿಸುವ ಸನ್ಮಾನಕ್ಕೆ ಹೋಗಿ ಕೂತವರಿಗೆ ಇದು ಗೊತ್ತು. ವಿಚಾರಣೆಯಲ್ಲಿ ಪಂಚರು ತಮ್ಮ ಹೆಸರು ಎಲ್ಲಿ ಮರೆತುಹೋಗುತ್ತದೋ ಅಂತ ಮೊದಲು ಅದನ್ನು ಬರೆದುಕೊಳ್ಳುತ್ತಾರೆ, ಶಿಕ್ಷೆ ಮೊದಲು, ತೀರ್ಪು ಆಮೇಲೆ ಅನ್ನುತ್ತಾಳೆ ರಾಣಿ. ಒಂದು ಕಚೇರಿಯಲ್ಲಿ ನಮ್ಮ ಹೊಲದ ಪಹಣಿ ತಿದ್ದುಪಡಿಗೆ ವರ್ಷಗಟ್ಟಲೆ ಅಲೆದ ಮೇಲೆ ನಾನು ಆ ಹನ್ನೊಂದು, ಹನ್ನೆರಡನೇ ಅಧ್ಯಾಯ ಓದಿದ್ದು. ಅದು ಫ್ಯಾಂಟಸಿ ಅಂತ ಅನ್ನಿಸಲೇ ಇಲ್ಲ.

ಸರಿ, ಮಗಳಿಗೆ ಹೇಗೆ? ಮೊದಲಿಂದ ಕೊನೆಯವರೆಗೆ ಓದಲೇಬೇಕು ಅನ್ನುವ ಹಟ ಬಿಡಿ. ಹನ್ನೆರಡೇ ಅಧ್ಯಾಯ, ಬಹುಪಾಲು ತನ್ನಷ್ಟಕ್ಕೆ ತಾನೇ ನಿಲ್ಲುತ್ತವೆ. ಒಂದು, ಎರಡು ಹೇಳಿ. ಅವಳು ಎದ್ದು ಹೋದ ಮೂರನೆಯದನ್ನು ಬಿಡಿ, ಅಲ್ಲಿ ಇಲಿಯ ಚರಿತ್ರೆ ಪಾಠಕ್ಕೆ ಪುಸ್ತಕದೊಳಗಿನವರೇ ನಿಟ್ಟುಸಿರು ಬಿಡುತ್ತಾರೆ. ನಾಲ್ಕರಿಂದ ಎಂಟನೆಯವರೆಗಿನ ಅಧ್ಯಾಯಗಳನ್ನು ರಾತ್ರಿಗೆ ಒಂದರಂತೆ ಹೇಳಿ. ಒಂಬತ್ತು, ಹತ್ತು ಎಳೆದಾಡುತ್ತವೆ, ಎಂಟು ವರ್ಷಕ್ಕೆ ಬೇಡ. ಆಮೇಲೆ ವಿಚಾರಣೆ. ಇದು ಮೂಲಕ್ಕೆ ದ್ರೋಹ ಅಂತ ಅನ್ನಿಸಿದರೆ, ಕ್ಯಾರೊಲ್ ತಾವೇ 1890ರಲ್ಲಿ ಪುಟ್ಟ ಮಕ್ಕಳಿಗೆ ಅಂತ ಚಿಕ್ಕದು ಮಾಡಿ, ಬಣ್ಣದ ಚಿತ್ರ ಹಾಕಿ ಇನ್ನೊಂದು ಪುಸ್ತಕ ತಂದಿದ್ದರು. ಚಿತ್ರ ಮಾತ್ರ ಮೂಲ ಪುಸ್ತಕಕ್ಕೆ ಬಿಡಿಸಿದ ಜಾನ್ ಟೆನಿಯಲ್‌ದೇ ಇರುವ ಪುಸ್ತಕ ನೋಡಿ ತೆಗೆದುಕೊಳ್ಳಿ, ಒಟ್ಟು 42 ಇವೆ. ಪುಸ್ತಕಕ್ಕೆ ಹಕ್ಕುಸ್ವಾಮ್ಯ ಇಲ್ಲದ್ದರಿಂದ ಯಾರು ಬೇಕಾದರೂ ಅಚ್ಚು ಹಾಕುತ್ತಾರೆ, ಕೆಲವರು ಸಿನಿಮಾ ಥರದ ಹೊಳಪು ಚಿತ್ರ ಹಾಕಿ ಪದ್ಯ ಕತ್ತರಿಸುತ್ತಾರೆ. ನಿಮಗೋಸ್ಕರ ಬೇಕಾದರೆ ಮಾರ್ಟಿನ್ ಗಾರ್ಡ್ನರ್ 1960ರಲ್ಲಿ ಟಿಪ್ಪಣಿ ಬರೆದು ತಂದ ಪುಸ್ತಕ ತರಿಸಿ. ಟಿಪ್ಪಣಿಯೇ ಮೂಲಕ್ಕಿಂತ ಜಾಸ್ತಿ ಇದೆಯೇನೋ ಅನ್ನಿಸುತ್ತದೆ, ಆದರೆ ಬಿಡಿಸಿಟ್ಟ ಹಲಸಿನ ತೊಳೆ ಇದ್ದ ಹಾಗೆ.

ಏಳನೇ ಅಧ್ಯಾಯಕ್ಕೆ ಬಂದಾಗ ಟೋಪಿಯವನು ಒಂದು ಒಗಟು ಕೇಳುತ್ತಾನೆ. ಕಾಗೆಗೂ ಬರೆಯುವ ಮೇಜಿಗೂ ಏನು ಹೋಲಿಕೆ? ಉತ್ತರ ಅವನಿಗೇ ಗೊತ್ತಿಲ್ಲ. ಓದುಗರು ಬರೆದು ಬರೆದು ಪೀಡಿಸಿದ್ದಕ್ಕೆ ಕ್ಯಾರೊಲ್ 1896ರ ಮುದ್ರಣದಲ್ಲಿ ಒಂದು ಉತ್ತರ ಸೇರಿಸಿದರು, ಜೊತೆಗೆ ಮೊದಲು ಈ ಒಗಟಿಗೆ ಉತ್ತರವೇ ಇರಲಿಲ್ಲ ಅಂತಲೂ ಒಪ್ಪಿಕೊಂಡರು. ಆ ಉತ್ತರ ನಿಮ್ಮ ಮಗಳಿಗೆ ಹೇಳಬೇಡಿ, ಅವಳನ್ನೇ ಕೇಳಿ. ನಾನು ಒಮ್ಮೆ ಎಂಟನೇ ಕ್ಲಾಸಿನಲ್ಲಿ ಕೇಳಿದ್ದೆ. ಹಿಂದಿನ ಬೆಂಚಿನ ಹುಡುಗ ಒಬ್ಬ ಎದ್ದು ನಿಂತು, ‘ಎರಡೂ ನಮ್ಮ ಸಾಮಾನು ಕಿತ್ಕೊಂಡ್ರೆ ವಾಪಸ್ ಕೊಡಲ್ಲ ಸರ್’ ಅಂದ. ನನ್ನ ಮೇಜಿನ ಖಾನೆಯಲ್ಲಿ ಆಗ ಅವನ ಎರಡು ಬುಗುರಿ ಇದ್ದವು. ಬೆಲ್ ಹೊಡೆದ ಮೇಲೆ ಕರೆದು ಕೊಟ್ಟೆ.